ಬಲಗಡೆ ಒದ್ದೆ, ಎಡಗಡೆ ಒಣ

ಸಿದ್ದಾಪುರ, ಬೆಂಗಳೂರು
11 ಫೆಬ್ರವರಿ 2024

ಸಂಜೀವಯ್ಯ ಮೇಷ್ಟ್ರಿಗೆ ವೆಂಕಟಸ್ವಾಮಿಯ ನಮಸ್ಕಾರ.

ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿರಬೇಕು. ನಿಮ್ಮ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದು, ಬಾಟಲಿಗಳ ಮೇಲೆ ಹೆಸರು ಬರೆದ ಕೈ ಇದು. ಅಲ್ಲಲ್ಲಿ ಇಂಕು ಹರಡಿದೆ. ಅದರ ಕಾರಣ ಹೇಳುವುದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ಆ ಬಾಟಲಿಯ ವಿಷಯ ಎತ್ತಲು ಬರೆಯುತ್ತಿಲ್ಲ. 2010ರಲ್ಲಿ ಒಂಬತ್ತನೇ ಕ್ಲಾಸಿನ ರಮ್ಯ ಲೇಬಲ್ ಇಲ್ಲದ ಬಾಟಲಿಯನ್ನು ನೀರೆಂದು ಬಗ್ಗಿಸಿದಳು. ಆಸಿಡ್ ಬಿದ್ದು ಅವಳ ಕೈ ಸುಟ್ಟಿತು. ಲೇಬಲ್ ಹಚ್ಚುವ ಕೆಲಸ ನನ್ನದು, ಆದ್ದರಿಂದ ತಪ್ಪೂ ನನ್ನದೆಂದು ಎಂಟು ತಿಂಗಳು ಸಸ್ಪೆಂಡ್ ಮಾಡಿದರು. ಆಮೇಲೆ ಬೇರೆ ಸ್ಕೂಲಿನ ಆಫೀಸಿಗೆ ಹಾಕಿದರು. ರಿಟೈರ್ ಆಗುವವರೆಗೆ ಬೆಲ್ ಹೊಡೆದೆ, ಮತ್ತೆ ಒಂದು ಟೆಸ್ಟ್ ಟ್ಯೂಬ್ ಮುಟ್ಟಲಿಲ್ಲ. ಲೇಬಲ್ ನಾನು ಹಚ್ಚಿದ್ದೆ. ಇಷ್ಟು ಬರೆದು ಆ ಮಾತು ಬಿಟ್ಟೆ.

ಈಗ ವಿಷಯ. ಡಿಸೆಂಬರಿನಲ್ಲಿ ನನಗೆ ಸ್ಟ್ರೋಕ್ ಆಯಿತು. ತಲೆಯ ಹಿಂದೆ, ಕತ್ತಿಗೆ ಸೇರುವ ಕಡೆ ಎಲ್ಲೋ ರಕ್ತ ಹೋಗುವುದು ನಿಂತಿತಂತೆ. ಪುಣ್ಯಕ್ಕೆ ಕೈಕಾಲು ಬಿದ್ದುಹೋಗಲಿಲ್ಲ. ಆರು ದಿನ ಬಿಕ್ಕಳಿಕೆ ನಿಲ್ಲಲಿಲ್ಲ. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿದೆ, ನಡೆದರೆ ಎಡಕ್ಕೆ ವಾಲುತ್ತೇನೆ. ಗಂಟಲು ಕೂತುಹೋಗಿ, ಫೋನ್ ಮಾಡಿದರೆ ಆ ಕಡೆಯವರು "ಯಾರು, ಯಾರು" ಎಂದು ಕೇಳಿ ಇಟ್ಟುಬಿಡುತ್ತಾರೆ.

ಇದೆಲ್ಲ ಆಗುವುದುಂಟು ಎಂದರು ಡಾಕ್ಟರು. ಆದರೆ ಇನ್ನೊಂದು ಇದೆ. ಮೇಷ್ಟ್ರೇ, ನಾನು ಅರ್ಧ ಮಾತ್ರ ಬೆವರುತ್ತೇನೆ! ಬಲಗಡೆ ತೊಯ್ದು ತೊಪ್ಪೆ. ಎಡಗಡೆ ಹಪ್ಪಳದ ಹಾಗೆ ಒಣ. ಬರೆಯುವುದು ಬಲಗೈ ಆದ್ದರಿಂದ ಕಾಗದದ ಗತಿ ಹೀಗೆ. ಇನ್ನೂ ಕೇಳಿ. ಬೆವರುವ ಬಲಗೈಗೆ ಬಿಸಿ ಎಂಬುದೇ ತಿಳಿಯುವುದಿಲ್ಲ. ಹೊಗೆಯಾಡುವ ಕಾಫಿ ಲೋಟವನ್ನು ಆರಾಮಾಗಿ ಹಿಡಿದುಕೊಂಡಿದ್ದೆ, ಹೆಂಡತಿ ಗೋವಿಂದಮ್ಮ ಚೀರಿ ಕಿತ್ತುಕೊಂಡಳು. ಸೆಕೆ ಎಂದು ತಿಳಿಯುವುದು ಎಡಗಡೆಗೆ ಮಾತ್ರ. ಅದಕ್ಕೆ ಬೆವರಲು ಬರುವುದಿಲ್ಲ.

ಮನೆಗೆ ಬಂದವರಿಗೆ ಹೇಳಿದರೆ "ಅಯ್ಯೋ ಪಾಪ" ಎನ್ನುತ್ತಾರೆ. "ಹೌದಾ? ಹೇಗೆ? ಯಾಕೆ?" ಎಂದು ಕೇಳುವವರು ಒಬ್ಬರೂ ಇಲ್ಲ. ನನಗೆ ಗೊತ್ತಿರುವವರಲ್ಲಿ ಹಾಗೆ ಕೇಳುವವರು ನೀವೊಬ್ಬರೇ. ಇನ್ನೊಬ್ಬರು ಇದ್ದಿದ್ದರೆ ಖಂಡಿತ ಅವರಿಗೇ ಬರೆಯುತ್ತಿದ್ದೆ.

ಇಂತಿ,
ವೆಂಕಟಸ್ವಾಮಿ


ಅರೆಕೆರೆ
26 ಫೆಬ್ರವರಿ 2024

ವೆಂಕಟಸ್ವಾಮಿಗೆ,

ಪತ್ರ ಬಂತು. ಸಿದ್ದಾಪುರದಿಂದ ಅರೆಕೆರೆಗೆ ಬರಲು ಒಂಬತ್ತು ದಿನ ತೆಗೆದುಕೊಂಡಿದೆ. ನಡೆದು ಹೊರಟಿದ್ದರೂ ಮಧ್ಯಾಹ್ನದ ಊಟಕ್ಕೆ ಮುಟ್ಟುತ್ತಿತ್ತು. ನಿನ್ನ ಆರೋಗ್ಯದ ವಿಷಯ ಓದಿ ನೋವಾಯಿತು. ಮಾತ್ರೆ ತಪ್ಪಿಸಬೇಡ.

ಬಾಟಲಿಯ ವಿಷಯ ಎತ್ತುವುದಿಲ್ಲ ಎಂದು ಬರೆದು ಒಂದು ಪ್ಯಾರಾ ಪೂರ್ತಿ ಅದನ್ನೇ ಎತ್ತಿದ್ದೀಯ. ಓದಿದ್ದೇನೆ.

ನಿನ್ನ ಪತ್ರವನ್ನೇ ವಾಪಸು ಕಳಿಸುತ್ತಿದ್ದೇನೆ, ಕೆಂಪು ಇಂಕಿನಲ್ಲಿ ಗುರುತು ಹಾಕಿದ್ದೇನೆ. ಕೈ ಸುಮ್ಮನಿರಲಿಲ್ಲ. "ಅರ್ಧ ಬೆವರುತ್ತೇನೆ" ಎಂದರೆ ಯಾವ ಅರ್ಧ, ಎಲ್ಲಿಂದ ಎಲ್ಲಿಗೆ? ಹಣೆಯ ಮೇಲೆ ಗೆರೆ ಎಲ್ಲಿ ಬೀಳುತ್ತದೆ? ಮೂಗಿನ ಸರಿಮಧ್ಯೆಯೋ, ಆಚೀಚೆಯೋ? ಬೆನ್ನಿನಲ್ಲಿ ಹೇಗೆ? ಪಾದಕ್ಕೂ ಉಂಟೋ? ಕೈಯಲ್ಲಿ ಮುಟ್ಟಿ ನೋಡಿದೆ ಎನ್ನಬೇಡ. ಮುಟ್ಟುವ ಕೈಯೇ ಒದ್ದೆಯಿದ್ದರೆ ಅದರ ಸಾಕ್ಷಿ ನಡೆಯುವುದಿಲ್ಲ.

ಬೆವರನ್ನು ಕಣ್ಣಿಗೆ ಕಾಣಿಸುವ ದಾರಿ ನಿನಗೇ ಗೊತ್ತಿದೆ. ಎಂಟನೇ ಕ್ಲಾಸಿನ ಆಲೂಗೆಡ್ಡೆ ಪ್ರಯೋಗವನ್ನು ನನಗಿಂತ ಹೆಚ್ಚು ಸಲ ಮಾಡಿಸಿದವನು ನೀನು. ಯೋಚಿಸು.

ಸಂಜೀವಯ್ಯ


ಸಿದ್ದಾಪುರ
17 ಮಾರ್ಚ್ 2024

ಮೇಷ್ಟ್ರೇ,

ಯೋಚಿಸಲು ಅರ್ಧ ನಿಮಿಷ ಸಾಕಾಯಿತು. ಸಾಮಾನು ಹೊಂದಿಸಲು ಎರಡು ವಾರ ಬೇಕಾಯಿತು.

ಹಿಟ್ಟಿಗೆ ಅಯೋಡಿನ್ ತಗುಲಿ, ಜೊತೆಗೆ ನೀರು ಸೇರಿದರೆ ಕಡುನೀಲಿ. ಆಲೂಗೆಡ್ಡೆಯಲ್ಲಿ ನೀರು ಒಳಗೇ ಇರುತ್ತದೆ. ನನ್ನ ಮೈಮೇಲೆ ಬೆವರೇ ನೀರು. ಮೆಡಿಕಲ್ ಸ್ಟೋರಿನಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ತರಿಸಿದೆ. ಅಂಗಡಿಯವನು "ಎಷ್ಟ್ ದೊಡ್ಡ ಗಾಯ, ಮೂರು ಬಾಟ್ಲು ಬೇಕು ಅಂತೀರಲ್ಲ?" ಎಂದನಂತೆ. ಮನೆಯಲ್ಲಿ ಗೋಬಿಗೆ ಹಾಕುವ ಕಾರ್ನ್‌ಫ್ಲೋರ್ ಇತ್ತು.

ಕಳೆದ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಮಹಡಿಯ ಶೀಟಿನ ಕೆಳಗೆ ಕೂತೆ. ಹಣೆಯಿಂದ ಸೊಂಟದವರೆಗೆ ಅಯೋಡಿನ್ ಹಚ್ಚಿ ಒಣಗಿಸಿದೆ. ಮಗಳು ಸುಧಾಮಣಿ ಬೆನ್ನಿಗೆ ಹಚ್ಚಿಕೊಟ್ಟಳು. ಮೇಲೆ ತೆಳುವಾಗಿ ಹಿಟ್ಟು ಉದುರಿಸಿ, ಮೆಣಸಿನ ಸಾರು ಎರಡು ಲೋಟ ಕುಡಿದು ಕಾದೆ.

ಹತ್ತು ನಿಮಿಷಕ್ಕೆ ಬಲಗಡೆ ಚುಕ್ಕಿ ಚುಕ್ಕಿಯಾಗಿ ನೀಲಿ ಎದ್ದಿತು. ಇಪ್ಪತ್ತು ನಿಮಿಷಕ್ಕೆ ಚುಕ್ಕಿಗಳು ಕೂಡಿಕೊಂಡು ಪೂರ್ತಿ ಕಪ್ಪು. ಎಡಗಡೆ ಹಿಟ್ಟು ಹಿಟ್ಟಾಗಿಯೇ ಉಳಿಯಿತು. ಗೆರೆ ನೋಡಬೇಕಿತ್ತು ನೀವು! ಹಣೆಯ ನಡುವಿನಿಂದ ಮೂಗಿನ ತುದಿಗೆ, ಅಲ್ಲಿಂದ ಗಡ್ಡಕ್ಕೆ, ಎದೆಮೂಳೆಯ ಮೇಲೆ ಇಳಿದು ಹೊಕ್ಕುಳಿಗೆ. ಸ್ಕೇಲಿಟ್ಟು ಎಳೆದ ಹಾಗಿತ್ತು. ಬೆನ್ನಿನ ಫೋಟೋ ಸುಧಾ ತೆಗೆದಿದ್ದಾಳೆ, ಪ್ರಿಂಟ್ ಇಟ್ಟಿದ್ದೇನೆ. ಬೆನ್ನುಮೂಳೆಯ ಈ ಕಡೆ ಒಬ್ಬ ಮನುಷ್ಯ, ಆ ಕಡೆ ಇನ್ನೊಬ್ಬ.

ಆ ಹೊತ್ತಿಗೆ ಗೋವಿಂದಮ್ಮ ಬಟ್ಟೆ ಎತ್ತಲು ಮೇಲೆ ಬಂದಳು. ನನ್ನನ್ನು ನೋಡಿ ಬಕೆಟ್ಟು ಕೈಬಿಟ್ಟಳು.

"ಏನ್ರೀ ಇದು, ಅರ್ಧ ಮುಖಕ್ಕೆ ಮಸಿ ಬಳ್ಕೊಂಡು ಕೂತಿದ್ದೀರಲ್ಲ! ನೀರಿನ ಟ್ಯಾಂಕರ್ ಬಂದು ನಾಲ್ಕು ದಿನ ಆಯ್ತು, ಇದನ್ನ ಯಾವುದ್ರಲ್ಲಿ ತೊಳೀತೀರಾ?"

ಅರ್ಧ ಬಕೆಟ್ಟಿನಲ್ಲಿ ತೊಳೆದೆ. ಎರಡು ದಿನ ಹಳದಿ ಬಣ್ಣ ಹೋಗಲಿಲ್ಲ, ಮನೆ ಬಿಟ್ಟು ಆಚೆ ಬರಲಿಲ್ಲ. ಆದರೂ ಹೇಳುತ್ತೇನೆ, ಹದಿಮೂರು ವರ್ಷಗಳಲ್ಲಿ ಇಷ್ಟು ಖುಷಿಯ ಮಧ್ಯಾಹ್ನ ನನಗೆ ಇನ್ನೊಂದು ಬಂದಿರಲಿಲ್ಲ.

ತೀರ್ಮಾನ: ಸ್ಟ್ರೋಕಿನಿಂದ ನನ್ನ ಬಲಗಡೆ ಕೆಟ್ಟಿದೆ. ಎಡಗಡೆ ಚೆನ್ನಾಗಿದೆ. ಮನೆಯವರೂ ಹಾಗೇ ತಿಳಿದು ಟೇಬಲ್ ಫ್ಯಾನನ್ನು ಬಲಗಡೆಗೇ ಇಟ್ಟಿದ್ದಾರೆ. ನೆಂಟರು ಬಂದರೆ ಒದ್ದೆ ಕೈ ಸವರಿ "ಈ ಕಡೆ ತಾನೇ ಹೊಡ್ದಿದ್ದು" ಎನ್ನುತ್ತಾರೆ.

ವೆಂಕಟಸ್ವಾಮಿ


ಅರೆಕೆರೆ
27 ಮಾರ್ಚ್ 2024

ವೆಂಕಟಸ್ವಾಮಿಗೆ,

ಫೋಟೋವನ್ನು ಭೂತಗನ್ನಡಿ ಹಿಡಿದು ನೋಡಿದೆ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲವೆಂದು ಮನೆಯಲ್ಲಿ ಬೈಗುಳ ತಿಂದೆ. ಪ್ರಯೋಗ ಬಹಳ ಚೆನ್ನಾಗಿದೆ.

ತೀರ್ಮಾನ ಚೆನ್ನಾಗಿಲ್ಲ. ಕೆಂಪು ಇಂಕಿನಲ್ಲಿ ಹೊಡೆದು ಹಾಕಿದ್ದೇನೆ. ನೀನು ಕಂಡದ್ದು ಇಷ್ಟೇ: ಬಲಗಡೆ ಒದ್ದೆ, ಎಡಗಡೆ ಒಣ. ಅದು ವೀಕ್ಷಣೆ. ಕೆಟ್ಟಿರುವುದು ಯಾವ ಕಡೆ ಎಂಬುದು ಅದರಲ್ಲಿ ಎಲ್ಲಿದೆ? ಒದ್ದೆಯಾದದ್ದು ಕಣ್ಣಿಗೆ ಬೀಳುತ್ತದೆ, ಒಣಗಿದ್ದು ಬೀಳುವುದಿಲ್ಲ. ಕಣ್ಣಿಗೆ ಬಿದ್ದದ್ದೇ ಕಾಯಿಲೆ ಎಂದುಕೊಂಡಿದ್ದೀಯ.

ಹೋಲಿಸಲು ಸರಿಯಿರುವ ಮೈ ಒಂದು ಬೇಕು. ಅದೇ ಮಹಡಿ, ಅದೇ ಹೊತ್ತು, ಅದೇ ಮೆಣಸಿನ ಸಾರು. ಗೋವಿಂದಮ್ಮನವರನ್ನು ಕೇಳಿ ನೋಡು. ಎರಡು ಮೊಣಕೈ ಕೆಳಗಿನ ಭಾಗ ಸಾಕು. ನಾನು ಕೇಳಿದೆ ಎಂದು ಹೇಳಬೇಡ.

ಸಂಜೀವಯ್ಯ


ಸಿದ್ದಾಪುರ
18 ಏಪ್ರಿಲ್ 2024

ಮೇಷ್ಟ್ರಿಗೆ,

ನೀವು ಕೇಳಿದಿರಿ ಎಂದು ಹೇಳಿಯೇ ಕೇಳಿದೆ. "ಅವ್ರಿಗೂ ಕೆಲ್ಸ ಇಲ್ಲ, ನಿಮ್ಗೂ ಇಲ್ಲ" ಎಂದು ಒಂದು ವಾರ ಸತಾಯಿಸಿದಳು. ಆಮೇಲೆ ತಾನೇ ಬಂದು ಸೆರಗು ಸಿಕ್ಕಿಸಿಕೊಂಡು ಕೂತಳು. ಇಬ್ಬರೂ ಎದುರುಬದುರು, ಕೈ ಚಾಚಿಕೊಂಡು, ಸಾರು ಕುಡಿಯುತ್ತ. ಪಕ್ಕದ ಮಹಡಿಯವರು ಏನೋ ಪೂಜೆ ಎಂದುಕೊಂಡರು.

ಅವಳ ಎರಡು ಕೈಯೂ ನೀಲಿಯಾಯಿತು. ನನ್ನ ಬಲಗೈಯ ಹಾಗೆಯೇ, ಒಂದಿಷ್ಟು ಕಡಿಮೆ. ನನ್ನ ಎಡಗೈ ಮಾತ್ರ ಬೆಳ್ಳಗೆ ಉಳಿಯಿತು. ನಾಲ್ಕು ಕೈಯಲ್ಲಿ ಒಂದೇ ಒಂದು ಬೇರೆ. ಗೋವಿಂದಮ್ಮ ನನಗಿಂತ ಮೊದಲು ಹೇಳಿದಳು: "ಕೆಟ್ಟಿರೋದು ಇದು ಕಣ್ರೀ. ನಾವು ಇಷ್ಟ್ ದಿನ ಒಳ್ಳೇ ಕಡೆಗೆ ಗಾಳಿ ಹಾಕ್ತಿದ್ವಿ."

ಅದು ನಿಜವೆಂದು ಎರಡೇ ದಿನದಲ್ಲಿ ಗೊತ್ತಾಯಿತು. ಹದಿನಾಲ್ಕನೇ ತಾರೀಕು ನಮ್ಮ ಬೀದಿಯಲ್ಲಿ ಅಂಬೇಡ್ಕರ್ ಜಯಂತಿ. ಶಾಮಿಯಾನದ ಅಂಚಿನಲ್ಲಿ ಎಡಗಡೆಗೆ ಬಿಸಿಲು ಬೀಳುವ ಹಾಗೆ ಕೂತಿದ್ದೆ. ಆ ಪಕ್ಕ ಕಾದ ಕಾವಲಿಯಾಯಿತು. ಒಂದು ಹನಿ ಬೆವರಿಲ್ಲ. ಬುದ್ಧವಂದನೆ ಮುಗಿಯುವಷ್ಟರಲ್ಲಿ ಕಣ್ಣು ಕತ್ತಲಾಯಿತು. ಜನ ಓಡಿಬಂದು ಬಲಗಡೆ ಒರೆಸಲು ಶುರುಮಾಡಿದರು. ಗೋವಿಂದಮ್ಮ ಎಲ್ಲರನ್ನೂ ತಳ್ಳಿ, ಒಂದು ಚೊಂಬು ನೀರನ್ನು ನನ್ನ ಎಡಗಡೆಗೆ ಸುರಿದಳು. ಹತ್ತು ನಿಮಿಷದಲ್ಲಿ ಎದ್ದು ಕೂತೆ. ಡಾಕ್ಟರಿಗೆ ಫೋಟೋ ತೋರಿಸಿದೆವು. ಅವರು ಕುರ್ಚಿಯಿಂದ ಎದ್ದು ಬಂದು ನೋಡಿದರು. ಸ್ಟ್ರೋಕ್ ಆದದ್ದು ಎಡಗಡೆ, ಬೆವರಿಗೆ ಹೇಳುವ ನರದ ದಾರಿ ಆ ಪಕ್ಕಕ್ಕೆ ಕಡಿದುಹೋಗಿದೆ, ಬಲಗಡೆ ತನ್ನ ಪಾಲಿನ ಜೊತೆಗೆ ಅದರ ಪಾಲನ್ನೂ ಮಾಡುತ್ತಿರಬಹುದು ಎಂದರು. ಈಗ ಫ್ಯಾನು ಎಡಕ್ಕೆ ಬಂದಿದೆ. ಸೆಕೆ ಹೊತ್ತಿನಲ್ಲಿ ಎಡತೋಳಿಗೆ ಒದ್ದೆ ಟವೆಲ್.

ಪತ್ರ ಇಲ್ಲಿಗೇ ನಿಲ್ಲಿಸಬೇಕು ಎಂದುಕೊಂಡಿದ್ದೆ. ಆಗುತ್ತಿಲ್ಲ.

ಎಚ್.ಎಂ. ರೂಮಿನಲ್ಲಿ ನಡೆದ ವಿಚಾರಣೆಯ ಕಾಪಿ ನನ್ನ ಹತ್ತಿರ ಇದೆ. ಅಧಿಕಾರಿ ಬರೆದದ್ದು: "ನೌಕರನು ವಿಪರೀತ ಬೆವರುತ್ತಿದ್ದು, ಉತ್ತರಿಸಲು ತಡವರಿಸಿದನು." ಅದರ ಕೆಳಗೆ ನಿಮ್ಮ ಹೇಳಿಕೆ: "ಘಟನೆಯ ವೇಳೆ ಬಾಟಲಿಯ ಮೇಲೆ ಲೇಬಲ್ ಇರಲಿಲ್ಲ." ಒಂದೇ ಸಾಲು. ನನ್ನ ಪಕ್ಕದಲ್ಲೇ ಕೂತಿದ್ದಿರಿ. ಕಿಟಕಿ ಮುಚ್ಚಿತ್ತು, ಫ್ಯಾನು ಕೆಟ್ಟಿತ್ತು, ನಿಮ್ಮ ಹಣೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಪಾಪ, ಮೇಷ್ಟ್ರಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆ. ಅದು ನನ್ನ ತೀರ್ಮಾನ. ಕಂಡದ್ದು ಒಣಗಿದ ಹಣೆ ಮಾತ್ರ.

ಈಗ ಕೇಳುತ್ತೇನೆ. ಲೇಬಲ್ ನಾನು ಹಿಂದಿನ ಸಂಜೆ ಹಚ್ಚಿದ್ದೆ. ಬೆಳಗ್ಗೆ ಅದು ಎಲ್ಲಿ ಹೋಯಿತು?

ವೆಂಕಟಸ್ವಾಮಿ


ಸಿದ್ದಾಪುರ
20 ಮೇ 2024

ಮೇಷ್ಟ್ರಿಗೆ,

ಮಳೆ ಬಂತು. ನಿಮ್ಮ ಪತ್ರ ಬರಲಿಲ್ಲ. ಅಂಚೆಯವನನ್ನು ಕೇಳಿದೆ, ಕಳೆದಿರಲಾರದು ಎಂದ. ಹುಷಾರಾಗಿದ್ದೀರಾ? ಅಷ್ಟಾದರೂ ತಿಳಿಸಿ.

ವೆಂಕಟಸ್ವಾಮಿ


ಅರೆಕೆರೆ
9 ಜೂನ್ 2024

ವೆಂಕಟಸ್ವಾಮಿಗೆ,

ಹುಷಾರಾಗಿದ್ದೇನೆ. ಇದಕ್ಕೆ ಮುಂಚೆ ಏಳು ಸಲ ಬರೆದು ಹರಿದೆ.

ಆಸಿಡ್ ಬಗ್ಗಿಸುವಾಗ ಲೇಬಲ್ ಅಂಗೈ ಕಡೆಗೆ ಇರಬೇಕು. ಬಾಯಿಂದ ಹನಿ ಜಾರಿದರೆ ಎದುರು ಪಕ್ಕದಲ್ಲಿ ಇಳಿಯುತ್ತದೆ, ಅಕ್ಷರ ಸುಡುವುದಿಲ್ಲ. ಮೂವತ್ತೊಂದು ವರ್ಷ ಪ್ರತಿ ಬ್ಯಾಚಿಗೂ ಮೊದಲ ದಿನ ಹೇಳಿಕೊಟ್ಟ ಪಾಠ ಇದು. ಆ ದಿನ ಬೆಳಗ್ಗೆ ನೀನು ಇನ್ನೂ ಬಂದಿರಲಿಲ್ಲ. ಕ್ಲಾಸಿಗೆ ತಡವಾಯಿತೆಂದು ನಾನೇ ಬಾಟಲಿ ಎತ್ತಿ ಬಗ್ಗಿಸಿದೆ. ಲೇಬಲ್ ಕೆಳಗಿತ್ತು. ಹನಿ ಜಾರಿ ಕಾಗದ ಕಪ್ಪಾಯಿತು. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದೆ, ಪೂರ್ತಿ ಕಿತ್ತು ಬಂತು. ಸಿಂಕಿಗೆ ಹಾಕಿದೆ. ವೆಂಕಟಸ್ವಾಮಿ ಬಂದ ಮೇಲೆ ಹೊಸದು ಹಚ್ಚಿಸೋಣ ಎಂದುಕೊಂಡೆ. ಅಷ್ಟರಲ್ಲಿ ಎಚ್.ಎಂ. ಕರೆದರು. ವಾಪಸು ಬರುತ್ತಿರುವಾಗ ಕಾರಿಡಾರಿನಲ್ಲೇ ಆ ಮಗುವಿನ ಕೂಗು ಕೇಳಿಸಿತು.

ನಾನು ಬರೆದುಕೊಟ್ಟ ಸಾಲಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಘಟನೆಯ ವೇಳೆ ಲೇಬಲ್ ಇರಲಿಲ್ಲ. ವೀಕ್ಷಣೆ ಬರೆದು, ತೀರ್ಮಾನದ ಜಾಗ ಖಾಲಿ ಬಿಟ್ಟೆ. ಅದನ್ನು ಅಧಿಕಾರಿ ನಿನ್ನ ಬೆವರು ನೋಡಿ ತುಂಬಿಕೊಂಡ. ತುಂಬಿಕೊಳ್ಳುತ್ತಾನೆ ಎಂದು ನನಗೆ ಗೊತ್ತಿತ್ತು. ರಿಟೈರ್ ಆಗಲು ಎರಡು ವರ್ಷ ಇತ್ತು, ಹೆದರಿದೆ. ಹೆದರಿಕೆ ಮುಗಿದ ಮೇಲೆ ನಾಚಿಕೆ ಹಿಡಿಯಿತು. ನಾಚಿಕೆ ಹಿಡಿದವನು ಹೆದರಿದವನಿಗಿಂತ ಹೆಚ್ಚು ಬಾಯಿ ಮುಚ್ಚುತ್ತಾನೆ.

ಫೆಬ್ರವರಿಯಲ್ಲಿ ಕವರಿನ ಮೇಲೆ ನಿನ್ನ ಅಕ್ಷರ ನೋಡಿ ಎರಡು ದಿನ ಒಡೆಯದೆ ಇಟ್ಟಿದ್ದೆ. ಬೆವರಿನ ವಿಷಯವೆಂದು ತಿಳಿದು ಎಷ್ಟು ಸಮಾಧಾನವಾಯಿತೋ, ಅಷ್ಟೇ ಖುಷಿಯೂ ಆಯಿತು. ಆ ಎರಡು ತಿಂಗಳು ನಾವಿಬ್ಬರೂ ಮತ್ತೆ ಲ್ಯಾಬಿನಲ್ಲಿ ಇದ್ದ ಹಾಗಿತ್ತು. ಅದು ಹೋಗಿಬಿಡುತ್ತದೆ ಎಂದೇ ಏಪ್ರಿಲಿನಿಂದ ಉತ್ತರ ಬರೆಯಲಿಲ್ಲ. ಇದನ್ನೂ ಒಪ್ಪಿಕೊಳ್ಳುತ್ತೇನೆ.

ನೀನು ಹೇಳಿದ ದಿನ ಮನೆಗೆ ಬಂದು ನಿನ್ನ ಕಾಲಿಗೆ ಬೀಳುತ್ತೇನೆ.

ಸಂಜೀವಯ್ಯ


ಸಿದ್ದಾಪುರ
16 ಜೂನ್ 2024

ಮೇಷ್ಟ್ರಿಗೆ,

ನನ್ನ ಕಾಲಿಗೆ ಬೀಳಬೇಡಿ. ನಾನೇ ಎಡಕ್ಕೆ ವಾಲುತ್ತೇನೆ, ಎಬ್ಬಿಸಲು ಬಗ್ಗಿದರೆ ಇಬ್ಬರೂ ಬೀಳುತ್ತೇವೆ.

ಎರಡು ದಿನ ಊಟ ಸೇರಲಿಲ್ಲ. ನಿಮ್ಮನ್ನು ಬಯ್ಯಬೇಕೆಂದು ಮಹಡಿಗೆ ಹೋದೆ. ಈ ಹಾಳು ಗಂಟಲಿನಿಂದ ಶಬ್ದವೇ ಬರಲಿಲ್ಲ. ಇಪ್ಪತ್ತೆರಡು ವರ್ಷ ನಿಮ್ಮ ಹಿಂದೆ ನಿಂತವನು ನಾನು. ಒಂದು ಮಾತು ನನ್ನ ಹತ್ತಿರವಾದರೂ ಹೇಳಿದ್ದರೆ, ಮೇಷ್ಟ್ರೇ, ಬಹುಶಃ ನಾನೇ ಮುಚ್ಚಿಟ್ಟುಕೊಂಡು ಸಸ್ಪೆಂಡ್ ಆಗುತ್ತಿದ್ದೆ. ಗೊತ್ತಿದ್ದು ಆಗುವುದಕ್ಕೂ, ನಾನೇ ಮರೆತೆನೇನೋ ಎಂದು ಅನುಮಾನಪಟ್ಟುಕೊಂಡು ಆಗುವುದಕ್ಕೂ ವ್ಯತ್ಯಾಸ ಇದೆ. ಕೆಲವು ವರ್ಷ ನನ್ನ ಕೈಯನ್ನು ನಾನೇ ನಂಬಲಿಲ್ಲ. ಮನೆಯ ಉಪ್ಪಿನ ಡಬ್ಬಿಗೂ ಹೆಸರು ಬರೆದು ಅಂಟಿಸುತ್ತಿದ್ದೆ. ಸಿಟ್ಟು ಬಂದಿದೆ. ಇನ್ನೂ ಇದೆ.

ಇಲಾಖೆಗೆ ಬರೆಯುತ್ತೇನೆ ಎನ್ನಬೇಡಿ. ನನಗೆ ಕಾಗದ ಬೇಡ. ನೀವು ಹೋಗಬೇಕಾದ ಜಾಗ ಬೇರೆ. ರಮ್ಯ ಈಗ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಂಪ್ಲೆಕ್ಸ್ ಎದುರಿನ ಕನ್ನಡಕದ ಅಂಗಡಿಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ನಾನು ಕನ್ನಡಕಕ್ಕೆ ಹೋಗಿದ್ದೆ. ನನ್ನನ್ನು ಕಂಡ ತಕ್ಷಣ ಮುಖ ತಿರುಗಿಸಿ ಒಳಗೆ ಹೋದಳು. ಬೇರೆ ಹುಡುಗಿ ಬಂದು "ಏನ್ ಬೇಕು ಅಂಕಲ್" ಎಂದಳು. ಕನ್ನಡಕ ತೆಗೆದುಕೊಳ್ಳದೆ ಬಂದೆ. ಸಸ್ಪೆಂಡ್ ಆರ್ಡರ್ ಓದಿದಾಗಲೂ ನಾನು ಅತ್ತಿರಲಿಲ್ಲ. ಅವತ್ತು ಬಸ್ ಸ್ಟಾಪಿನಲ್ಲಿ ಅತ್ತೆ.

ಆ ಹುಡುಗಿ ನನ್ನನ್ನು ತನ್ನ ಕೈ ಸುಟ್ಟವನೆಂದು ತಿಳಿದಿರುವವರೆಗೆ ನಿಮ್ಮ ಪತ್ರದಿಂದ ನನಗೆ ಏನೂ ಆಗಬೇಕಾಗಿಲ್ಲ. ಅವಳಿಗೆ ಹೇಳಿ. ಎದುರು ನಿಂತು ಹೇಳಿ. ಆಮೇಲೆ ನಮ್ಮ ಮನೆಗೆ ಬರುವ ವಿಷಯ.

ವೆಂಕಟಸ್ವಾಮಿ


ಸುದ್ದಗುಂಟೆಪಾಳ್ಯ
7 ಜುಲೈ 2024

ವೆಂಕಟಸ್ವಾಮಿ ಅಂಕಲ್,

ನಾನು ರಮ್ಯ. ಮೇಷ್ಟ್ರು ನಿಮ್ಮ ಅಡ್ರೆಸ್ ಕೊಟ್ಟರು. ನಿಮಗೆ ಫೋನಿನಲ್ಲಿ ಮಾತಾಡಲು ಕಷ್ಟ, ಪತ್ರ ಬರೆ ಎಂದರು. ಸ್ಕೂಲು ಬಿಟ್ಟ ಮೇಲೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಕ್ಷಮಿಸಿ.

ಮಂಗಳವಾರ ಅವರು ಅಂಗಡಿಗೆ ಬಂದಿದ್ದರು. ಎ.ಸಿ. ಹಾಕಿತ್ತು, ಆದರೂ ಅವರ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಕೂತ್ಕೊಳ್ಳಿ ಎಂದರೂ ಕೂರಲಿಲ್ಲ. ಕೌಂಟರಿನ ಮುಂದೆ ನಿಂತು ಎಲ್ಲ ಹೇಳಿದರು. ಲೇಬಲ್ ಸುಟ್ಟದ್ದು, ಒರೆಸಿದ್ದು, ಆಮೇಲೆ ಬಾಯಿ ಮುಚ್ಚಿಕೊಂಡದ್ದು. "ವೆಂಕಟಸ್ವಾಮಿದು ಏನೂ ತಪ್ಪಿಲ್ಲಮ್ಮ" ಎಂದು ಎರಡು ಸಲ ಹೇಳಿದರು.

ನಾನು ಅವರ ಹತ್ತಿರ ನಿಮ್ಮ ಅಡ್ರೆಸ್ ಮಾತ್ರ ಕೇಳಿದೆ. ಹೇಳಬೇಕಾದದ್ದು ನಿಮಗೆ.

ಅಂಕಲ್, ನನಗೆ ಗೊತ್ತಿತ್ತು. ಅವತ್ತು ಬೀಕರ್ ಜೋಡಿಸುವ ಸರದಿ ನನ್ನದು, ಬೇಗ ಬಂದಿದ್ದೆ. ಕಿಟಕಿಯಿಂದ ನೋಡಿದೆ, ಮೇಷ್ಟ್ರು ಬಟ್ಟೆಯಿಂದ ಬಾಟಲಿ ಒರೆಸಿ ಟೇಬಲ್ ಮೇಲೆ ಇಟ್ಟರು. ಒರೆಸಿ ಇಟ್ಟದ್ದನ್ನು ನೋಡಿದ್ದರಿಂದಲೇ ಅದು ತೊಳೆದ ಬಾಟಲಿ, ನೀರಿದೆ ಎಂದುಕೊಂಡು ಬಗ್ಗಿಸಿದೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಎಲ್ಲ ಅರ್ಥವಾಯಿತು. ವಿಚಾರಣೆಯವರು ಬಂದರು, ಮೇಷ್ಟ್ರೂ ಜೊತೆಗಿದ್ದರು. "ಲೇಬಲ್ ಇತ್ತಾ ಪುಟ್ಟಿ?" ಎಂದು ಕೇಳಿದರು. "ಇರ್ಲಿಲ್ಲ ಸಾರ್" ಎಂದೆ. ಬೇರೆ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮೇಷ್ಟ್ರ ಮೇಲೆ ಹೇಳಿದರೆ ಪಾಸ್ ಮಾಡುವುದಿಲ್ಲ ಎಂದು ಭಯ. ಅಮ್ಮನಿಗೆ ಹೇಳಿದೆ, ನಮಗ್ಯಾಕೆ ಬಿಡು ಎಂದರು.

ಎರಡು ವರ್ಷದ ಹಿಂದೆ ನೀವು ಅಂಗಡಿಗೆ ಬಂದಾಗ ನಿಮ್ಮ ಮುಖ ನೋಡಲು ಆಗಲಿಲ್ಲ. ಒಳಗೆ ಹೋಗಿ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಆಚೆ ಬರುವಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ. ನೀವು ನನ್ನನ್ನು ಕ್ಷಮಿಸದಿದ್ದರೆ ಅದು ಸರಿಯೇ.

ರಮ್ಯ


ಸಿದ್ದಾಪುರ
11 ಜುಲೈ 2024

ರಮ್ಯ ಮಗಳೇ,

ನಿನ್ನ ಪತ್ರವನ್ನು ಗೋವಿಂದಮ್ಮನ ಕೈಗೆ ಕೊಟ್ಟು ಗಟ್ಟಿಯಾಗಿ ಓದು ಎಂದೆ. ಅರ್ಧಕ್ಕೆ ಅವಳು ಪತ್ರವನ್ನು ಮಗಳ ಕೈಗೆ ಕೊಟ್ಟಳು. ಉಳಿದದ್ದನ್ನು ಸುಧಾ ಓದಿದಳು.

ಅಂಗಡಿಯಲ್ಲಿ ನಾನು ಕಂಡದ್ದು ಒಂದು ಹುಡುಗಿ ಮುಖ ತಿರುಗಿಸಿದ್ದು, ಅಷ್ಟೇ. ಮಿಕ್ಕದ್ದನ್ನೆಲ್ಲ ನಾನೇ ಬರೆದುಕೊಂಡೆ. ಮೇಷ್ಟ್ರು ನೋಡಿದ್ದರೆ ಅಲ್ಲೇ ಕೆಂಪು ಇಂಕಿನಲ್ಲಿ ಹೊಡೆದು ಹಾಕುತ್ತಿದ್ದರು. ಎರಡು ವರ್ಷ ನಿನ್ನ ಬಗ್ಗೆ ತಪ್ಪು ತಿಳಿದುಕೊಂಡದ್ದಕ್ಕೆ ನಾನೇ ನಿನ್ನ ಹತ್ತಿರ ಕ್ಷಮೆ ಕೇಳಬೇಕು. ನೀನು ಆಗ ಹದಿಮೂರು ವರ್ಷದ ಮಗು. ಕೈಗೆ ಕಟ್ಟು ಹಾಕಿಕೊಂಡು ಮಲಗಿದ್ದೆ. ದೊಡ್ಡವರೆಲ್ಲ ಮಂಚದ ಸುತ್ತ ನಿಂತು ಒಂದೇ ಪ್ರಶ್ನೆ ಕೇಳಿದರು, ನೀನು ಅದಕ್ಕೆ ನಿಜ ಹೇಳಿದೆ. ಆ ಲೆಕ್ಕ ಮುಗಿಯಿತು. ಇನ್ನು ಆ ಸ್ಟೋರ್ ರೂಮಿನಲ್ಲಿ ಕೂರಬೇಡ.

ಮೇಷ್ಟ್ರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಭಾನುವಾರ ಊಟಕ್ಕೆ ಕರೆದಿದ್ದೇನೆ. ನನ್ನ ಪಾದಗಳ ಬೆವರಿನ ಪ್ರಯೋಗ ಬಾಕಿ ಇದೆ, ಅದನ್ನು ಒಬ್ಬನೇ ಮಾಡಲು ಆಗುವುದಿಲ್ಲ. ನೀನೂ ಬಾ. ಬಸ್ಸಿನಲ್ಲಿ ಬಂದರೆ ಸಿದ್ದಾಪುರ ಪೊಲೀಸ್ ಸ್ಟೇಷನ್ ಹತ್ತಿರ ಇಳಿದು, ಯಾರನ್ನಾದರೂ "ಲ್ಯಾಬ್ ವೆಂಕಟಸ್ವಾಮಿ ಮನೆ" ಎಂದು ಕೇಳು. ಬೆಲ್ ಹೊಡೆದ ವರ್ಷಗಳಲ್ಲೂ ನಮ್ಮ ಬೀದಿಯವರು ಆ ಹೆಸರು ಬದಲಾಯಿಸಲಿಲ್ಲ.

ಬಂದಾಗ ಒಂದು ಕೆಲಸ ಮಾಡಬೇಕು. ಅವತ್ತು ನಾನು ಆಗಷ್ಟೇ ಸ್ಕೂಲಿಗೆ ಬಂದಿದ್ದೆ, ನೀನು ಕೂಗಿದಾಗ ಮೊದಲು ಓಡಿಬಂದದ್ದು ನಾನು. ನಿನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಇಪ್ಪತ್ತು ನಿಮಿಷ ನಿಂತಿದ್ದೆ. ನೀನು ಅಳುತ್ತಿದ್ದೆ, ನಾನು ಬಿಡಲಿಲ್ಲ. ಆಮೇಲೆ ಆಟೋ ಬಂತು, ನಿನ್ನನ್ನು ಕರೆದುಕೊಂಡು ಹೋದರು. ಮಾರನೇ ದಿನ ಆಸ್ಪತ್ರೆಗೆ ಬಂದರೆ ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು. ಆ ಕೈ ಏನಾಯಿತು, ಬೆರಳು ಮಡಚಲು ಬರುತ್ತದಾ, ಚರ್ಮ ಹೇಗೆ ಕೂಡಿತು ಎಂದು ಹದಿನಾಲ್ಕು ವರ್ಷದಲ್ಲಿ ನನಗೆ ಯಾರೂ ಹೇಳಲಿಲ್ಲ. ಕೇಳುವ ಹಕ್ಕೂ ನನಗಿರಲಿಲ್ಲ.

ಭಾನುವಾರ ಬಂದು ಆ ಕೈ ತೋರಿಸು ಮಗಳೇ. ನಾನು ನೋಡಬೇಕು.

ನಿನ್ನ
ವೆಂಕಟಸ್ವಾಮಿ ಅಂಕಲ್